ರಾಶಿಯ ಮೇಲೆ ಹಾಯ್ದ ಕಾರು

ಕಾರಿನ ಸ್ಟೇರಿಂಗ್ ಮುಂದೆ ಇಂಜಿನ್ ಚಿತ್ರದ ಹಳದಿ ದೀಪ ಹತ್ತಿತೆಂದರೆ ನಮ್ಮ ಕಡೆಯ ಜನ ಎರಡರಲ್ಲಿ ಒಂದು ಕೆಲಸ ಮಾಡುತ್ತಾರೆ. ಅದರ ಮೇಲೆ ಕರಿ ಟೇಪಿನ ತುಂಡು ಹಚ್ಚಿ ಮರೆತುಬಿಡುತ್ತಾರೆ, ಇಲ್ಲವೇ ಹೆದರಿ ಹುಬ್ಬಳ್ಳಿಗೆ ಒಯ್ದು ಅಲ್ಲಿ ಹೇಳಿದ್ದಕ್ಕೆಲ್ಲ ಗೋಣು ಹಾಕಿ ಬರುತ್ತಾರೆ. ಗಿರಣಿಯವರೊಬ್ಬರು ತಮ್ಮ ಕಾರನ್ನು ಹುಬ್ಬಳ್ಳಿಗೆ ಒಯ್ದಿದ್ದರು, ಆದರೆ ಗೋಣು ಹಾಕಿರಲಿಲ್ಲ. ಅಲ್ಲಿಂದ ಸೀದಾ ನವಲಗುಂದದ ನನ್ನ ಗ್ಯಾರೇಜಿಗೆ ಬಂದಿದ್ದರು. ಶ್ರಾವಣ ಮುಗಿಯುತ್ತ ಬಂದಿತ್ತು, ಹೆಸರುಕಾಳಿನ ಸುಗ್ಗಿ ಜೋರಾಗಿತ್ತು.

ಅವರ ಊರು ನವಲಗುಂದದಿಂದ ಒಳಗೆ, ಕಪ್ಪು ಮಣ್ಣಿನ ಎರಿ ಹೊಲಗಳ ನಡುವೆ. ಅಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದರು. ಹಳೇ ಪೆಟ್ರೋಲ್ ಕಾರು, ಯಾರದೋ ಕೈಯಿಂದ ಯಾರದೋ ಕೈಗೆ ಬಂದು ಕೊನೆಗೆ ಇವರ ಅಂಗಳಕ್ಕೆ ಬಂದದ್ದು. ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿ ಅವರ ಹೆಂಡತಿ ಕೂತಿದ್ದರು. ನಾನು ಬಾಗಿಲು ತೆಗೆದು, ಇಳಿಯಿರಿ, ಒಳಗೆ ಫ್ಯಾನಿನ ಕೆಳಗೆ ಕೂಡಿರಿ ಅಂದೆ. ಇಳಿದರೆ ಹತ್ತುವುದು ತ್ರಾಸು, ಇಲ್ಲೇ ಇರುತ್ತೇನೆ ಅಂದರು. ಎಡಗೈಗೆ ಬ್ಯಾಂಡೇಜು ಸುತ್ತಿತ್ತು.

ಆಕೆಯ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ ಎರಡು ಸಲ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಶೀನಿಗೆ ಹಚ್ಚಿ ರಕ್ತ ತೊಳೆಸಿಕೊಂಡು ಬರಬೇಕು. ಒಂದು ಪಾಳಿ ತಪ್ಪಿದರೆ ಮೈ ಬಾತು ಉಸಿರು ಹಿಡಿಯುತ್ತದೆ. ಹೋಗುವಾಗ ಬಸ್ಸಿನಲ್ಲಿ ಹೇಗೋ ಹೋಗಬಹುದು, ಬರುವಾಗ ಆಗುವುದಿಲ್ಲ. ಮಶೀನಿನಿಂದ ಎದ್ದ ಮೇಲೆ ಆಕೆಯ ಬಿ.ಪಿ. ಇಳಿದು ಕಣ್ಣಿಗೆ ಕತ್ತಲೆ ಬರುತ್ತಿತ್ತಂತೆ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲೇ ಬಿದ್ದು ಹಣೆ ಒಡೆದುಕೊಂಡಿದ್ದರು. ಬಾಡಿಗೆ ಗಾಡಿ ವಾರ ವಾರ ಹಿಡಿಯುವುದು ಗಿರಣಿಯ ಗಳಿಕೆಯಲ್ಲಿ ಆಗದ ಮಾತು. ಹೀಗಾಗಿ ಈ ಕಾರು ನಡೆದರೆ ಆಕೆ ನಡೆದಂತೆ ಅನ್ನುವ ಸ್ಥಿತಿ.

ಹುಬ್ಬಳ್ಳಿಯಲ್ಲಿ ಹೇಳಿದ್ದು ಇಷ್ಟು: ಹೊಗೆ ಸೋಸುವ ಡಬ್ಬಿ, ಅಂದರೆ ಕನ್ವರ್ಟರ್, ಹೋಗಿದೆ. ಅದನ್ನೂ ಅದರ ಹಿಂದೆ ಮುಂದೆ ಇರುವ ಎರಡು ಸೆನ್ಸರುಗಳನ್ನೂ ಬದಲಿಸಬೇಕು. ಕಾರು ಮಾರಿದರೆ ಎಷ್ಟು ಬರುತ್ತಿತ್ತೋ ಹೆಚ್ಚುಕಡಿಮೆ ಅಷ್ಟೇ ಖರ್ಚು.

ನಾನು ಸ್ಕ್ಯಾನರ್ ಚುಚ್ಚಿದೆ. ಎರಡು ಕೋಡು ಬಂದವು. ಒಂದು, ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ. ಇನ್ನೊಂದು, ಹಿಂದಿನ ಸೆನ್ಸರಿಗೆ ಹೋಗುವ ಕರೆಂಟಿನಲ್ಲಿ ಏನೋ ಎಡವಟ್ಟು ಅಂತ. ಕೋಡು ನೋಡಿ ಸಾಮಾನು ಬದಲಿಸುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಹೊಟ್ಟೆನೋವು ಅಂದವನ ಹೊಟ್ಟೆಯನ್ನೇ ಕತ್ತರಿಸಿ ಬೇರೆ ಹಾಕುತ್ತೇನೆ ಅಂದ ಹಾಗೆ ಅದು. ಕೋಡು ತೋರಿಸುವುದು ನೋವಿರುವ ಜಾಗವನ್ನು ಮಾತ್ರ, ಯಾಕೆ ಅನ್ನುವುದನ್ನು ಹುಡುಕುವುದು ನಮ್ಮ ಕೆಲಸ.

ಅದಕ್ಕೇ ಕೋಡು ಅಳಿಸದೆ ಇಟ್ಟೆ. ಏರ್ ಫಿಲ್ಟರ್ ಬಿಚ್ಚಿ ನೋಡಿದೆ, ಪ್ಲಗ್ಗು ನೋಡಿದೆ, ಪೆಟ್ರೋಲಿನ ವಾಸನೆ ನೋಡಿದೆ. ಎಲ್ಲ ಸರಿಯಿದ್ದವು. ಇಂಜಿನ್ ಬಿಸಿಯಾಗಲು ಬಿಟ್ಟು ಕನ್ವರ್ಟರಿನ ಮುಂದಿನ ಬಾಯಿಯ ಶಾಖವನ್ನೂ ಹಿಂದಿನ ಬಾಯಿಯ ಶಾಖವನ್ನೂ ಅಳೆದೆ. ಒಳಗೆ ಹೊಗೆ ಸರಿಯಾಗಿ ಉರಿದರೆ ಹಿಂದಿನ ಬಾಯಿ ಹೆಚ್ಚು ಬಿಸಿ ಇರಬೇಕು, ಹಾಗೇ ಇತ್ತು. ಡಬ್ಬಿ ಸತ್ತಿರಲಿಲ್ಲ. ಸೈಲೆನ್ಸರ್ ಪೈಪಿನ ಒಂದು ಜೋಡಣೆಯಲ್ಲಿ ಮಾತ್ರ ಕರಿ ಮಸಿ ಹೊರಬಂದಿತ್ತು. ಗ್ಯಾಸ್ಕೆಟ್ ಸವೆದು ಅಲ್ಲಿಂದ ಗಾಳಿ ಒಳಗೆ ನುಸುಳಿದರೂ ಹಿಂದಿನ ಸೆನ್ಸರ್ ಮೋಸಹೋಗುತ್ತದೆ. ಗ್ಯಾಸ್ಕೆಟ್ ಹಾಕಿ, ಸಾಕೆಟ್ಟು ತೊಳೆದು, ಕೋಡು ಅಳಿಸಿ ಕೊಟ್ಟೆ. ದೀಪ ಆರಿತು. ಚಹಾದ ಮಾತು ಮುಗಿಯುವುದರೊಳಗೆ ಕೆಲಸ ಮುಗಿಯಿತಲ್ಲ ಅಂತ ಗಿರಣಿಯವರು ನಕ್ಕರು. ನಾನೂ ಎದೆ ಉಬ್ಬಿಸಿಕೊಂಡೆ.

ಆ ಉಬ್ಬು ಬಹಳ ದಿನ ಉಳಿಯಲಿಲ್ಲ. ಮುಂದಿನ ವಾರ ದೀಪ ಮತ್ತೆ ಹತ್ತಿ, ಬೆಣ್ಣಿಹಳ್ಳದ ಸೇತುವೆಯ ಹತ್ತಿರ ಕಾರು ಸದ್ದಿಲ್ಲದೆ ನಿಂತುಬಿಟ್ಟಿತು. ಲಾರಿಯವನೊಬ್ಬ ಇಳಿದು ನೋಡಿ, ಫ್ಯೂಜು ಸುಟ್ಟಿದೆ ಅಂತ ತನ್ನ ಡಬ್ಬಿಯಿಂದ ದಪ್ಪನೆಯದೊಂದು ಹಾಕಿಕೊಟ್ಟನಂತೆ. ಕಾರು ಚಾಲೂ ಆಯಿತು, ಪಾಳಿ ಹೋಗಿತ್ತು. ಆಸ್ಪತ್ರೆಯಲ್ಲಿ ಮಶೀನು ಮುಂದಿನವರಿಗೆ ಹಚ್ಚಿಯಾಗಿತ್ತು. ನಾಳೆ ಬನ್ನಿ ಅಂದರು. ಅವರು ಹೊಳ್ಳಿ ಬರುವಾಗ ನನ್ನ ಗ್ಯಾರೇಜಿನ ಮುಂದೆ ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿದ್ದ ಮುಖವನ್ನು ನಾನು ಗುರುತಿಸಲಿಲ್ಲ. ಕಣ್ಣು ಮುಚ್ಚುವಷ್ಟು ಬಾತಿತ್ತು.

ಗಿರಣಿಯವರು ನನ್ನನ್ನು ಬಾಜು ಕರೆದು ಹೇಳಿದರು, ಹೆಂಡತಿಗೆ ಕೇಳಿಸದಂತೆ:

“ಆ ಡಬ್ಬಿ ಹಾಕ್ಸಿಬಿಡ್ತೀನ್ರಿ. ಗಿರಣಿ ಮಶೀನ್ ಕೇಳಾಕ ಒಬ್ಬಾಂವ ಬಂದಾನ. ಕೊಟ್ಟುಬಿಡ್ತೀನಿ.”

ಗಿರಣಿ ಮಾರಿ ಕಾರು ನಡೆಸಿದರೆ ಆ ಮೇಲೆ ಕಾರಿಗೆ ಪೆಟ್ರೋಲ್ ಎಲ್ಲಿಂದ ಅಂತ ಕೇಳಬೇಕೆಂದಿದ್ದೆ, ಕೇಳಲಿಲ್ಲ. ನನಗೆ ನನ್ನ ಮೇಲೇ ಸಿಟ್ಟು ಬಂದಿತ್ತು. ಫ್ಯೂಜು ಸುಡುವುದೆಂದರೆ ಎಲ್ಲೋ ವೈರು ಮೈ ಬಿಟ್ಟುಕೊಂಡು ಲೋಹಕ್ಕೆ ತಾಗುತ್ತಿದೆ ಎಂದೇ ಅರ್ಥ. ಡಬ್ಬಿಗೂ ಅದಕ್ಕೂ ಸಂಬಂಧವಿಲ್ಲ. ಹಿಂದಿನ ಸೆನ್ಸರನ್ನು ಬಿಸಿ ಮಾಡುವ ಲೈನು ಇದೇ ಫ್ಯೂಜಿನಿಂದ ಹೋಗುತ್ತದೆ, ಇಂಜಿನ್ನಿನ ಬೇರೆ ಕೆಲವು ಸಾಮಾನುಗಳದ್ದೂ ಇದರಿಂದಲೇ. ಅಲ್ಲಿ ಶಾರ್ಟ್ ಆದರೆ ಎಲ್ಲ ಒಟ್ಟಿಗೆ ಮಲಗುತ್ತವೆ.

ಮೊದಲು ಆ ದಪ್ಪ ಫ್ಯೂಜು ಕಿತ್ತು ಸರಿಯಾದದ್ದು ಹಾಕಿದೆ. ಕಾರನ್ನು ಜಾಕಿನ ಮೇಲೆತ್ತಿ ಬ್ಯಾಟರಿ ದೀಪ ಹಿಡಿದು ಅಡಿಯಲ್ಲಿ ಮಲಗಿ ವೈರುಗಳ ಮೇಲೆಲ್ಲ ಕಣ್ಣಾಡಿಸಿದೆ. ಕೆಳಗಿನಿಂದ ನೋಡಿದರೆ ಎಲ್ಲ ನೆಟ್ಟಗಿದ್ದವು. ಎಳೆದು ನೋಡಿದೆ, ಅಲ್ಲಾಡಿಸಿ ನೋಡಿದೆ, ಮೀಟರ್ ಹಚ್ಚಿದೆ. ಶಾರ್ಟ್ ಸಿಗಲಿಲ್ಲ. ಪೈಪಿನ ಹತ್ತಿರ ಹೆಸರಿನ ಹೊಟ್ಟು, ಒಣ ಬಳ್ಳಿ ಸಿಕ್ಕಿಕೊಂಡಿದ್ದವು. ಅದನ್ನು ನಾನು ಕಂಡೂ ಕಾಣಲಿಲ್ಲ. ಸುಗ್ಗಿಯ ದಿನಗಳಲ್ಲಿ ನಮ್ಮ ತಾಲೂಕಿನ ಯಾವ ಗಾಡಿಯ ಅಡಿಯಲ್ಲಿ ಬಗ್ಗಿದರೂ ನಾಲ್ಕು ಎಳೆ ಹೊಟ್ಟು ಇದ್ದೇ ಇರುತ್ತದೆ. ಮಳೆ ಬಿದ್ದ ಎರಿ ನೆಲ ಕಾಲು ಕಚ್ಚಿ ಹಿಡಿಯುತ್ತದೆ, ಕಣ ಮಾಡಲು ಬರುವುದಿಲ್ಲ, ಒಣಗಿದ ಜಾಗ ಅಂದರೆ ಡಾಂಬರು ರಸ್ತೆ ಒಂದೇ. ರೈತರು ಹೆಸರು ಕಿತ್ತು ತಂದು ರಸ್ತೆಯ ಮೇಲೆ ಹಾಸುತ್ತಾರೆ, ಹೋಗಿ ಬರುವ ಗಾಡಿಗಳ ಗಾಲಿ ಅದನ್ನು ಒಕ್ಕುತ್ತವೆ. ಹೊರಗಿನವರಿಗೆ ಇದು ಸೋಜಿಗ. ನಮಗೆ ರಸ್ತೆ ಇರುವುದೇ ಹೀಗೆ.

ಉಳಿದದ್ದು ಸ್ಕ್ಯಾನರಿನೊಳಗಿನ ಇನ್ನೊಂದು ಸಂಗತಿ. ದೀಪ ಹತ್ತಿದ ಆ ಗಳಿಗೆಯಲ್ಲಿ ಕಾರು ಎಷ್ಟು ಜೋರು ಇತ್ತು, ಇಂಜಿನ್ ಎಷ್ಟು ತಿರುಗುತ್ತಿತ್ತು, ಎಷ್ಟು ಬಿಸಿ ಇತ್ತು ಅನ್ನುವುದನ್ನು ಕಾರಿನ ಕಂಪ್ಯೂಟರ್ ಹಿಡಿದಿಟ್ಟುಕೊಳ್ಳುತ್ತದೆ. ಹೋದ ಸಲ ಕೋಡು ಅಳಿಸುವ ಮೊದಲು ಬರೆದಿಟ್ಟುಕೊಂಡಿದ್ದನ್ನೂ ಈ ಸಲದ್ದನ್ನೂ ಹೋಲಿಸಿದೆ. ಎರಡೂ ಸಲ ಮನುಷ್ಯ ನಡೆಯುವಷ್ಟೇ ವೇಗ, ಇಂಜಿನ್ ಮಾತ್ರ ಏರಿತ್ತು. ಅಂದರೆ ಕಾರು ಯಾವುದನ್ನೋ ತುಳಿಯುತ್ತ, ಒದ್ದಾಡುತ್ತ ನಿಧಾನ ಹೋಗುತ್ತಿತ್ತು. ಪಾಳಿಗೆ ಹೊತ್ತಾಗುತ್ತದೆಂದು ಓಡುವ ಮನುಷ್ಯ ಎಲ್ಲಿ ಹೀಗೆ ಹೋಗುತ್ತಾನೆ?

ಕೇಳಿದೆ. ಗಿರಣಿಯವರು ತಲೆ ಅಲ್ಲಾಡಿಸಿದರು.

“ಎಲ್ಲೂ ಇಲ್ರಿ. ಮನಿ ಬಿಟ್ರ ಸೀದಾ ದವಾಖಾನಿ.”

ಹಿಂದಿನ ಸೀಟಿನಿಂದ ಆಕೆ ಗಂಡನ ಕಡೆ ಒಮ್ಮೆ ನೋಡಿ, ಮುಖ ತಿರುಗಿಸಿ ಕಿಟಕಿಯ ಆಚೆ ನೋಡತೊಡಗಿದರು. ಆ ಮುಖ ತಿರುಗಿಸಿದ್ದು ನನ್ನ ಮನಸ್ಸಿನಲ್ಲಿ ಉಳಿಯಿತು. ಕಾರು ನನ್ನ ಗ್ಯಾರೇಜಿನಲ್ಲಿ ಎಷ್ಟು ಹೊತ್ತು ನಿಂತರೂ ಕೆಡುವುದಿಲ್ಲ, ಇದು ಅವರ ದಾರಿಯಲ್ಲೇ ಕೆಡುತ್ತದೆ, ಹೋಗಿ ನೋಡಿದ ಹೊರತು ತಿಳಿಯುವುದಿಲ್ಲ ಅನ್ನಿಸಿತು. ಗಿರಣಿ ಈಗಲೇ ಮಾರಬೇಡಿ, ನಾಳೆಯ ಪಾಳಿಗೆ ನಿಮ್ಮ ಮನೆಯಿಂದಲೇ ನಾನೂ ಬರುತ್ತೇನೆ ಅಂದೆ. ಮೆಕ್ಯಾನಿಕ್ ಗ್ಯಾರೇಜಿಗೆ ಬೀಗ ಹಾಕಿ ಗಿರಾಕಿಯ ಜೊತೆ ಸವಾರಿ ಹೋಗುವುದನ್ನು ಕಂಡು ಪಕ್ಕದ ಪಂಕ್ಚರಿನವನು ಎರಡು ದಿನ ಚಾಷ್ಟಿ ಮಾಡಿ ನಕ್ಕ.

ಮರುದಿನ ಮೊದಲ ಬಸ್ಸಿಗೇ ಅವರ ಊರಿಗೆ ಹೋದೆ. ಆಕೆ ಚಹಾ ಮಾಡಿಸಿ ಕೊಟ್ಟರು. ತಾವು ಸಣ್ಣ ಬಟ್ಟಲಿನಲ್ಲಿ ನೀರು ಹಾಕಿಕೊಂಡು ತುಟಿ ಒದ್ದೆ ಮಾಡಿಕೊಂಡರು, ಅಷ್ಟೇ. ಗುಟುಕು ಹೆಚ್ಚಾದರೆ ಅದು ಮೈಯಲ್ಲೇ ಉಳಿಯುತ್ತದೆಂದು ಡಾಕ್ಟರರ ಕಟ್ಟಪ್ಪಣೆ. ನಾನು ಮುಂದೆ ಕೂತು ಸ್ಕ್ಯಾನರ್ ತೊಡೆಯ ಮೇಲಿಟ್ಟುಕೊಂಡೆ. ಎರಡೂ ಸೆನ್ಸರುಗಳ ಗೆರೆ ಪರದೆಯ ಮೇಲೆ ಚೆನ್ನಾಗಿ ಓಡುತ್ತಿದ್ದವು.

ಊರ ಅಗಸಿ ಬಾಗಿಲು ದಾಟಿದ ಕೂಡಲೇ ರಸ್ತೆ ಕಾಣದಾಯಿತು. ಈ ಅಂಚಿನಿಂದ ಆ ಅಂಚಿಗೆ ಹೆಸರು ಹಾಸಿದ್ದರು, ಒಬ್ಬರದು ಮುಗಿದಲ್ಲಿ ಇನ್ನೊಬ್ಬರದು. ಸೆರಗು ಸಿಕ್ಕಿಸಿಕೊಂಡು ಹೊಟ್ಟು ತಿರುವುತ್ತಿದ್ದ ಹೆಣ್ಣುಮಗಳೊಬ್ಬಳು ಕಾರು ಕಂಡು ಕೈಯೆತ್ತಿದಳು.

“ಗಿರಣಿ ಅಣ್ಣಾರ, ಒಂದೆರಡು ಸುತ್ತು ಹಾಯ್ಸಿ ಹೋಗ್ರಿ.”

ಗಿರಣಿಯವರು ಹ್ಞೂಂ ಅಂದು ಗೇರು ಬದಲಿಸಿದರು. ರಾಶಿಯ ಆ ತುದಿಯವರೆಗೆ ಹೋದರು. ನಿಲ್ಲಿಸಿದರು. ಹಿಂದಕ್ಕೆ ಬಂದರು. ಮತ್ತೆ ಮುಂದೆ, ಮತ್ತೆ ಹಿಂದೆ. ಆ ಹೆಣ್ಣುಮಗಳು ಸಾಕು ಅಂದ ಮೇಲೆ ಮುಂದಿನವರ ರಾಶಿ. ಅಲ್ಲಿ ಯಾರೂ ಕೇಳಲೂ ಇಲ್ಲ, ಇವರೇ ಹಾಯಿಸಿದರು. ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ನನ್ನ ತೊಡೆಯ ಮೇಲಿನ ಪರದೆಯಲ್ಲಿ ಹಿಂದಿನ ಸೆನ್ಸರಿನ ಗೆರೆ ನೆಲಕ್ಕೆ ಬಿತ್ತು. ಹಳದಿ ದೀಪ ಹತ್ತಿತು. ಇಂಜಿನ್ ಒಂದು ಸಲ ಜಗ್ಗಿ ನಿಂತಿತು. ಮೂಗಿಗೆ ಸುಟ್ಟ ಹುಲ್ಲಿನ ವಾಸನೆ ಬಂತು.

ಹಿಂದಿನ ಸೀಟಿನ ಅಕ್ಕಾರನ್ನು ಮೊದಲು ಇಳಿಸಿರಿ ಅಂದೆ. ಇಬ್ಬರೂ ಹಿಡಿದು ಇಳಿಸಿ ರಸ್ತೆ ಬದಿಯ ಚೀಲದ ಮೇಲೆ ಕೂಡಿಸಿದೆವು. ನಾನು ಹೆಸರಿನ ಮೇಲೆಯೇ ಅಂಗಾತ ಮಲಗಿ ಅಡಿಗೆ ಸರಿದೆ. ಬಳ್ಳಿಗಳು ಪೈಪಿಗೆ ಹಗ್ಗದಂತೆ ಸುತ್ತಿಕೊಂಡು ಹೊಗೆಯಾಡುತ್ತಿದ್ದವು. ಕೈಗೆ ಬಟ್ಟೆ ಸುತ್ತಿಕೊಂಡು ಕಿತ್ತು ಎಸೆದೆ. ಆಗ ಕಂಡಿತು. ಸೆನ್ಸರಿನ ವೈರನ್ನು ಮೇಲೆ ಹಿಡಿದಿಡುವ ಕ್ಲಿಪ್ಪು ಮುರಿದಿತ್ತು. ಹಿಂದೆ ಮುಂದೆ ಹಾಯಿಸುವಾಗ ಬಳ್ಳಿ ಆ ವೈರನ್ನು ಜಗ್ಗಿ ಬಿಸಿ ಪೈಪಿನ ಮೇಲೆ ಒತ್ತುತ್ತಿತ್ತು. ಪೈಪಿಗೆ ತಾಗುವ ಬದಿಯಲ್ಲಿ ಅದರ ಮೈ ಕರಗಿ ತಾಮ್ರ ಹೊರಬಂದಿತ್ತು. ಜಾಕಿನ ಮೇಲೆ ಎತ್ತಿದಾಗ ಜಗ್ಗುವ ಬಳ್ಳಿ ಸಡಿಲಾಗಿ ವೈರು ಮೇಲೆ ಸರಿಯುತ್ತಿತ್ತು, ಕೆಳಗಿನಿಂದ ನೋಡಿದವನಿಗೆ ಸುಟ್ಟ ಬದಿ ಕಾಣುತ್ತಲೇ ಇರಲಿಲ್ಲ. ಒಟ್ಟು ರೋಗ ಇಷ್ಟೇ, ಗೇಣುದ್ದದ ವೈರು.

ಸರಿಯಾದ ಫ್ಯೂಜು ಇದ್ದದ್ದಕ್ಕೆ ಅದು ಸುಟ್ಟು ಕರೆಂಟು ನಿಂತಿತ್ತು. ಲಾರಿಯವನ ದಪ್ಪ ಫ್ಯೂಜು ಇದ್ದಿದ್ದರೆ ಫ್ಯೂಜಿನ ಬದಲು ವೈರು ಸುಡುತ್ತಿತ್ತು, ವೈರಿನ ಸುತ್ತ ಒಣ ಹೊಟ್ಟು, ಮೇಲೆ ಪೆಟ್ರೋಲು, ಹಿಂದಿನ ಸೀಟಿನಲ್ಲಿ ತಾನಾಗಿ ಇಳಿಯಲಾಗದ ಹೆಣ್ಣುಮಗಳು.

ಸುಟ್ಟ ತುಂಡು ಕತ್ತರಿಸಿ ಬೇರೆ ವೈರು ಜೋಡಿಸಿ, ಶಾಖ ತಡೆಯುವ ಕೊಳವೆ ಹಾಕಿ, ಪೈಪಿಗೆ ಎಟುಕದಂತೆ ಮೇಲೆ ತಂತಿಯಿಂದ ಬಿಗಿದೆ. ಹೊಸ ಫ್ಯೂಜು ಹಾಕಿದೆ. ಅಡಿಗೆ ತಗಡು ಬಡಿಯಬಹುದಿತ್ತು, ಆದರೆ ಹೊಟ್ಟು ಅದರ ಮೇಲೆ ಕೂತು ಇನ್ನೂ ಕೆಟ್ಟದಾಗುತ್ತಿತ್ತು. ಇಷ್ಟಾಗುವಾಗ ಹೊಟ್ಟು ತಿರುವುತ್ತಿದ್ದ ಹೆಣ್ಣುಮಗಳು ಅಕ್ಕಾರ ಪಕ್ಕ ಕೂತು ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಕಾರು ಯಾಕೆ ನಿಂತಿತು ಅಂತ ಅವಳು ಕೇಳಿದಾಗ ಗಿರಣಿಯವರು, ಹಳೇ ಗಾಡಿ ಬಿಡವಾ, ಏನರ ಒಂದು ಇರ್ತೈತಿ ಅಂದುಬಿಟ್ಟರು. ನಾನು ತಲೆಯೆತ್ತಿ ನೋಡಿದೆ. ಅವರು ಕಣ್ಣಲ್ಲೇ ಬೇಡ ಅಂದರು.

ಆ ದಿನ ಪಾಳಿ ಸಿಕ್ಕಿತು. ದಾರಿಯಲ್ಲಿ ನಾನು ನೇರವಾಗಿ ಬೈದೆ. ರಾಶಿ ದಾಟಿ ಹೋಗುವುದು ಬೇರೆ, ನಿಂತು ನಿಂತು ತುಳಿಯುವುದು ಬೇರೆ. ಕಾರು ಟ್ರ್ಯಾಕ್ಟರ್ ಅಲ್ಲ. ಹೆಂಡತಿಯನ್ನು ಬದುಕಿಸಲು ಇಟ್ಟ ಗಾಡಿಯಲ್ಲಿ ಊರವರ ಹೆಸರು ಒಕ್ಕಿ ಕೊಡುವುದು ಯಾವ ಬುದ್ಧಿ ಅಂದೆ. ಬೆಣ್ಣಿಹಳ್ಳ ದಾಟಿದ ಮೇಲೆ ಗಿರಣಿಯವರು ಹೇಳಿದರು:

“ನಾ ಹುಬ್ಬಳ್ಳ್ಯಾಗ ಇದ್ದ ದಿನ ಗಿರಣಿ ನಡಸಾಕಿ ಆ ಹೆಣ್ಣಮಗಳ್ರೀ. ಇಕಿಗೆ ರಕ್ತ ಬೇಕಾದಾಗ ಬಂದು ಕೊಟ್ಟೋರು ಆ ರಾಶಿ ಮಾಲಕ್ರು. ಅವರಿಗೆ ಬ್ಯಾಡ ಹೆಂಗ ಅನ್ನಲಿ? ನನ್ನ ಕಡೆ ಕೊಡಾಕ ಈ ನಾಕು ಗಾಲಿ ಬಿಟ್ಟು ಮತ್ತೇನೈತಿ?”

ಹಿಂದಿನಿಂದ ಆಕೆ ಮೆತ್ತಗೆ ಅಂದರು: “ನಾ ಹೇಳಬೇಕಂತೀನ್ರಿ. ನನ್ನ ಸಲುವಾಗಿನ ಹೇಳ್ಬೇಕಲ್ಲ, ಅದಕ್ಕ ಬಾಯಿ ಬರಂಗಿಲ್ಲ.”

ವೈರು ಜೋಡಿಸಲು ನನಗೆ ಬರುತ್ತದೆ, ಇದಕ್ಕೆ ಯಾವ ಸಾಮಾನು ತರಲಿ? ಊರವರಿಗೆ ಕಾರಣ ಬಿಡಿಸಿ ಹೇಳಿರಿ, ಕೇಳುತ್ತಾರೆ ಅಂದೆ. ಹೇಳುತ್ತೇನೆ ಅಂದರು ಗಿರಣಿಯವರು.

ಅದಾದ ಮೇಲೆ ದೀಪ ಹತ್ತಲಿಲ್ಲ. ಗಿರಣಿ ಮಾರಲಿಲ್ಲ. ಹುಬ್ಬಳ್ಳಿಯವರು ಸತ್ತಿದೆ ಅಂದ ಕನ್ವರ್ಟರ್ ಇವತ್ತಿಗೂ ಆ ಕಾರಿನಲ್ಲೇ ಇದೆ. ದೀಪಾವಳಿಯಲ್ಲಿ ಆಕೆ ನನಗೆ ಡಬ್ಬಿ ತುಂಬ ಕರ್ಚಿಕಾಯಿ ಕಳಿಸಿದ್ದರು.

ಕಡಲೆಯ ಸುಗ್ಗಿಯ ಹೊತ್ತಿಗೆ ಗಿರಣಿಯವರು ಆಯಿಲ್ ಬದಲಿಸಲು ಬಂದರು. ಗಾಡಿಯ ಅಡಿಗೆ ಬಗ್ಗಿದವನು ಅಲ್ಲೇ ಉಳಿದೆ. ಒಂದು ಎಳೆ ಹೊಟ್ಟಿರಲಿಲ್ಲ. ನೆಲ ಒಣಗಿದ್ದರೂ ಪುಕ್ಕಟೆ ಒಕ್ಕಣೆಗೆಂದು ಊರೆಲ್ಲ ರಸ್ತೆಯ ಮೇಲೆ ಕಡಲೆ ಹಾಸಿರುವಾಗ ಇದು ಹೇಗೆ? ಬದಲಿಗೆ ಬಿಳಿ ಧೂಳು ಮೆತ್ತಿತ್ತು, ಕಲ್ಲು ಬಡಿದ ಗುರುತುಗಳಿದ್ದವು, ಮುಂದಿನ ಗಾಲಿಗಳ ರಬ್ಬರ್ ಬುಶ್ಶುಗಳು ಸವೆದು ಕಡಕಡ ಅನ್ನುತ್ತಿದ್ದವು. ಎಲ್ಲಿ ಓಡಿಸುತ್ತಿದ್ದೀರಿ ಅಂತ ಕೇಳಿದೆ.

ಕಾಲುವೆ ದಂಡೆಯ ದಾರಿ. ಊರ ಹಿಂದಿನಿಂದ ಹೊರಟು ಹೊಲಗಳನ್ನು ಸುತ್ತಿ ಎಲ್ಲೋ ದೂರದಲ್ಲಿ ದೊಡ್ಡ ರಸ್ತೆ ಸೇರುತ್ತದೆ. ಟ್ರ್ಯಾಕ್ಟರಿನವರೂ ಬೈದುಕೊಂಡೇ ಹೋಗುವ ದಾರಿ.

“ಹೇಳಾಕ ಆಗ್ಲಿಲ್ರಿ,” ಅಂದರು. “ಅದಕ್ಕ ದಾರಿನ ಬದಲಿ ಮಾಡೀನಿ. ಅವರು ಕರೆಯೂದು ಬ್ಯಾಡ, ನಾ ಒಲ್ಲೆ ಅನ್ನೂದು ಬ್ಯಾಡ.”

ಅಕ್ಕಾರಿಗೆ ಆ ಕುಲುಕಾಟ ತಡೆಯುತ್ತದೆಯೇ ಅಂದೆ. ದಿಂಬು ಹೆಚ್ಚು ಇಟ್ಟಿದ್ದೇನೆ, ಹಗುರಕ್ಕೆ ನಿಧಾನವಾಗಿ ಹೋಗುತ್ತೇನೆ, ಬೇಗ ಹೊರಡುತ್ತೇನೆ ಅಂದರು. ಬುಶ್ಶು ಬದಲಿಸಿ ಕೊಟ್ಟೆ. ಕೈ ಮುಗಿದು ಕೇಳಿಕೊಂಡೆ, ಒಂದು ಮಾತು ಊರವರಿಗೆ ಹೇಳಿರಿ ಅಂತ. ಸುಗ್ಗಿ ಮುಗಿಯಲು ಬಂತಲ್ಲ, ಇನ್ನೆಷ್ಟು ದಿನ ಅಂದರು.

ಬಹಳ ದಿನ ಆಗಲಿಲ್ಲ. ಒಂದು ಮಧ್ಯಾಹ್ನ ಗಿರಣಿ ನಡೆಸುವ ಆ ಹೆಣ್ಣುಮಗಳು ಫೋನ್ ಮಾಡಿದಳು. ಅಕ್ಕಾರು ಹೋದರು ಅಂದಳು. ಪಾಳಿಯ ದಿನವಾಗಿರಲಿಲ್ಲ, ಬೆಳಗ್ಗೆ ಏಕಾಏಕಿ ಉಸಿರು ಹಿಡಿಯಿತೆಂದು ಹೊರಟಿದ್ದರು. ಹುಬ್ಬಳ್ಳಿ ಮುಟ್ಟುವುದರೊಳಗೆ ಕಾರಿನಲ್ಲೇ ಹೋಗಿದ್ದರಂತೆ. ಇನ್ನೊಂದಿಷ್ಟು ಮೊದಲು ತಂದಿದ್ದರೆ ಅಂದರಂತೆ ಡಾಕ್ಟರು. ಡಾಕ್ಟರುಗಳು ಹಾಗೆ ಅನ್ನುತ್ತಲೇ ಇರುತ್ತಾರೆ. ನಿಜವೋ ಅಲ್ಲವೋ ನನಗೆ ತಿಳಿಯದು. ಯಾವ ದಾರಿ ಹಿಡಿದು ಹೋಗಿದ್ದರು ಎಂದು ನಾನು ಕೇಳಲಿಲ್ಲ.

ಮೋಟಾರ್‌ಸೈಕಲ್ ಹತ್ತಿ ಹೊರಟೆ. ಊರ ರಸ್ತೆಗೆ ತಿರುಗಿದವನಿಗೆ ಮೊದಲು ದಾರಿ ತಪ್ಪಿದೆನೇನೋ ಅನ್ನಿಸಿತು. ಡಾಂಬರು ಕರ್ರಗೆ ಬರಿದಾಗಿ ಬಿದ್ದಿತ್ತು. ಕಡಲೆಯನ್ನೆಲ್ಲ ಎತ್ತಿ ಎರಡೂ ಬದಿಗೆ ಒಟ್ಟಿ ತಾಡಪತ್ರಿ ಹೊದಿಸಿದ್ದರು. ಕಾಳು ಕೂಡ ಗುಡಿಸಿದ್ದರು. ಪೊರಕೆಗಳು ಬೇಲಿಗೆ ಒರಗಿದ್ದವು. ಅಗಸಿಯ ಮುಂದೆ ಊರ ಗಂಡಸರು ಹೆಂಗಸರು ನವಲಗುಂದದ ಕಡೆ ಮುಖ ಮಾಡಿ ನಿಂತಿದ್ದರು.

ಅದೇ ಹೆಣ್ಣುಮಗಳು ಹತ್ತಿರ ಬಂದಳು. ಕೈಯೆಲ್ಲ ಧೂಳು.

“ಅಕ್ಕಾರು ಬರೂ ದಾರ್‍ಯಾಗ ಗಾಲಿಗೆ ಏನೂ ಅಡ್ಡ ಬರಬಾರ್ದು ಅಂತ ಎಲ್ಲಾರೂ ಕೂಡಿ ಎತ್ತೀವ್ರಿ,” ಅಂದಳು. “ಒಂದ್ ತಾಸಿನ ಕೆಲಸ ಆತು ನೋಡ್ರಿ.”

ನಾನೂ ಎಲ್ಲರ ಜೊತೆ ನಿಂತು ಬರಿದಾದ ರಸ್ತೆ ನೋಡುತ್ತ ಕಾದೆ.

ಬಹಳ ಹೊತ್ತಿನ ಮೇಲೆ ಇಂಜಿನ್ ಸದ್ದು ಕೇಳಿತು. ಎಲ್ಲೂ ತಡೆಯದ, ಸರಿಯಾಗಿ ಓಡುತ್ತಿರುವ ಇಂಜಿನ್, ನನಗೆ ಕೂಡಲೇ ಗುರುತು ಹತ್ತಿತು. ಸದ್ದು ನಮ್ಮ ಬೆನ್ನ ಹಿಂದಿನಿಂದ ಬರುತ್ತಿತ್ತು. ಎಲ್ಲರೂ ತಿರುಗಿದೆವು. ಗಿರಣಿಯವರು ಹೆಂಡತಿಯನ್ನು ಕಾಲುವೆ ದಂಡೆಯ ದಾರಿಯಿಂದಲೇ, ಹಗುರಕ್ಕೆ, ಕರೆದುಕೊಂಡು ಬಂದಿದ್ದರು.